ಹೆಸರು ಮುಚ್ಚಿಟ್ಟು ಓದುವ ನಾಲ್ಕು ಮಾತು

ಹೋದ ವಾರ ಶಬಾನಾ ಮೇಡಂ ಫೋನ್ ಮಾಡಿದ್ದರು. ನಾನು ನಿವೃತ್ತನಾದ ಮೇಲೆ ಬಳ್ಳಾರಿಯ ನಮ್ಮ ಶಾಲೆಗೆ ಕನ್ನಡ ಕಲಿಸಲು ಬಂದವರು ಅವರು. ಹುಡುಗರು ಅವರಿಗೆ ಹೆದರುತ್ತಾರಂತೆ, ಹೆದರಿಕೊಂಡೇ ಅವರ ಹಿಂದೆ ಸುತ್ತುತ್ತಾರಂತೆ. ಒಳ್ಳೆಯ ಲಕ್ಷಣ.

"ಸರ್, ಹತ್ತನೇ ಕ್ಲಾಸಿನ ಬೀಳ್ಕೊಡುಗಿ ಹತ್ರ ಬಂತ್ರಿ. ಐವತ್ತಾರು ಹುಡುಗ್ರು ಅದಾರ. ಒಬ್ಬೊಬ್ಬರ ಮ್ಯಾಲ ನಾಲ್ಕು ಮಾತು ನಾನ ಬರೀಬೇಕಂತ. ನೀವು ಬರೆದಿದ್ದ ಹಳೇವು ಇದ್ರ ಕಳಸ್ರಿ, ಹೆಸರು ಬದಲಾಯಿಸಿ ಓದ್ತೀನಿ" ಅಂದರು.

ಲೈನ್ ಕಟ್ಟಾಯಿತೆಂದು ಅವರು "ಹಲೋ, ಹಲೋ" ಅನ್ನುತ್ತಿದ್ದರು. ಲೈನ್ ಸರಿಯಾಗಿಯೇ ಇತ್ತು. ಹೆಸರು ಬದಲಾಯಿಸಿ ಓದುವ ಆ ಕೆಲಸವನ್ನು ನಾನೂ ಒಂದು ಸಲ ಮಾಡಿದ್ದೆ. ಅದರಿಂದ ಒಬ್ಬ ಹುಡುಗನ ಹೆಸರು ಇಡೀ ತರಗತಿಯ ಎದುರು ಕಳೆದುಹೋಯಿತು. ಅದನ್ನು ಹುಡುಕಿಕೊಡಲು ನಾನು ಪಟ್ಟ ಪಾಡನ್ನು ಫೋನಿನಲ್ಲಿ ಹೇಳಲು ಬರುವುದಿಲ್ಲ. "ಬರೆದು ಕಳಿಸ್ತೀನಿ ತಡೀರಿ" ಎಂದು ಹೇಳಿ ಫೋನ್ ಇಟ್ಟೆ. ಬರೆದದ್ದು ಇದು. ಶಬಾನಾ ಮೇಡಂ ಜೊತೆಗೆ, ಈಗಷ್ಟೇ ಮೇಷ್ಟ್ರ ಕೆಲಸಕ್ಕೆ ಸೇರಿದ ಬೇರೆ ಯಾರಾದರೂ ಓದಿದರೂ ಅಡ್ಡಿಯಿಲ್ಲ.

ನಾನು ಕುರುಗೋಡಿನವನು. ಮೂವತ್ತೊಂದು ವರ್ಷ ಕುರುಗೋಡಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋಗಿ ಬಂದು ಮಾಡಿದೆ. ಹಾಗಾಗಿ ಹುಡುಗರಿಗೆ ನಾನು 'ಕುರುಗೋಡು ಸರ್'. ಹಣೆಗೆ ವಿಭೂತಿ ಹಚ್ಚಿಕೊಂಡು, ಗೋಡೆಯ ಮೇಲಿನ ಶಿಲುಬೆಯ ಕೆಳಗೆ ನಿಂತು ಕನ್ನಡ ಪಾಠ ಮಾಡಿದೆ. ಅದರಿಂದ ವಿಭೂತಿಗೂ ತೊಂದರೆಯಾಗಲಿಲ್ಲ, ಶಿಲುಬೆಗೂ ತೊಂದರೆಯಾಗಲಿಲ್ಲ. ತೊಂದರೆಯೆಲ್ಲ ವ್ಯಾಕರಣದಿಂದ ಆದದ್ದು. ಬಡ್ತಿ, ಸಂಬಳದ ವಿಷಯ ಇಲ್ಲಿ ಬರೆಯುವುದಿಲ್ಲ, ಬರೆಯುವಷ್ಟು ಅದರಲ್ಲಿ ಏನೂ ಇಲ್ಲ.

ನಾಲ್ಕು ಮಾತಿನ ಪದ್ಧತಿ ಶುರುಮಾಡಿದವರು ನಮ್ಮ ಹೆಡ್‌ಮಾಸ್ಟರ್ ಫಾದರ್ ಚೌರಪ್ಪ. ಮೈಸೂರು ಕಡೆಯವರು. ಎತ್ತರದ ಆಳು, ಬಿಳಿ ನಿಲುವಂಗಿ, ಜೇಬಿನಲ್ಲಿ ಸದಾ ಒಂದು ನೀಲಿ ಪೆನ್ಸಿಲ್. ಅವರು ಬಂದ ಮೊದಲ ವರ್ಷ ಹತ್ತನೇ ತರಗತಿಯ ಹುಡುಗರ ಸರ್ಟಿಫಿಕೇಟುಗಳಿಗೆ ಸಹಿ ಮಾಡುತ್ತಾ ಕೂತಿದ್ದರು. ಎಲ್ಲದರಲ್ಲೂ 'ನಡತೆ: ಉತ್ತಮ' ಎಂದು ನಾನೇ ಬರೆದಿದ್ದೆ. ಹತ್ತಿಪ್ಪತ್ತಕ್ಕೆ ಸಹಿ ಮಾಡಿ ಪೆನ್ನು ಕೆಳಗಿಟ್ಟರು.

"ಏನ್ ಮೇಷ್ಟ್ರೇ ಇದು? ಅಕ್ಕಿ ಮೂಟೆ ಮೇಲೆ ಸೀಲ್ ಹೊಡೆದ ಹಾಗಿದೆ. ಐದು ವರ್ಷ ಇಲ್ಲಿದ್ದು ಹೋಗ್ತಿದ್ದಾವೆ ಈ ಹುಡುಗರು. ಒಬ್ಬೊಬ್ಬನ ಬಗ್ಗೆ ನಾಲ್ಕು ಮಾತು ಗೊತ್ತಿಲ್ವಾ ನಮಗೆ?"

"ಗೊತ್ತದಾವ್ರಿ ಫಾದರ್. ಆದ್ರ ಸರ್ಟಿಫಿಕೇಟಿನ್ಯಾಗ ಬರಿಯಂಥವು ಅಲ್ರಿ" ಎಂದೆ.

ಅವರು ನಕ್ಕುಬಿಟ್ಟರು. "ಅಂಥವನ್ನೇ ಬರೀರಿ. ಬೀಳ್ಕೊಡುಗೆ ದಿನ ಓದೋಣ."

ಹಾಗೆ ನನ್ನ ಬಾಯಿಯಿಂದ ಬಿದ್ದ ಮಾತು ನನ್ನ ಕೊರಳಿಗೇ ಬಿತ್ತು. ಕನ್ನಡ ಮೇಷ್ಟ್ರು ಬರೆಯಬೇಕು, ಹೆಡ್‌ಮಾಸ್ಟರ್ ತಿದ್ದಬೇಕು. ನಿಯಮಗಳನ್ನು ಫಾದರ್ ಹೇಳಿದರು. ಅಂಕಗಳ ಮಾತು ಬರಬಾರದು. ಮುಂದೆ ದೊಡ್ಡ ಮನುಷ್ಯನಾಗುತ್ತಾನೆ ಎಂಬ ಭವಿಷ್ಯ ಬೇಡ. ಕಣ್ಣಾರೆ ನೋಡಿದ್ದನ್ನು ಮಾತ್ರ ಬರೆಯಬೇಕು. ಎಲ್ಲಕ್ಕಿಂತ ಕಷ್ಟದ್ದು ಕೊನೆಯದು. ಹೆಸರು ಮುಚ್ಚಿಟ್ಟು ಓದಿದರೂ ಇದು ಇಂಥವನದೇ ಎಂದು ತರಗತಿ ಹೇಳಬೇಕು. ಹೇಳದಿದ್ದರೆ ಆ ಹಾಳೆ ಸುಳ್ಳು.

ಆ ಕೊನೆಯ ನಿಯಮವೇ ಬೀಳ್ಕೊಡುಗೆಯ ಆಟವಾಯಿತು. ಹುಡುಗರು, ಊರುಗಳಿಂದ ಬಂದ ತಂದೆತಾಯಿ, ಎಲ್ಲರೂ ಸಭಾಂಗಣದಲ್ಲಿ ಕೂತಿರುತ್ತಾರೆ. ನಾನು ಹೆಸರು ಹೇಳದೆ ಓದುತ್ತೇನೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹುಡುಗರು ಹೆಸರು ಹಿಡಿದು ಕೂಗುತ್ತಾರೆ. ಆ ಹುಡುಗ ನಾಚಿಕೊಂಡು ಎದ್ದು ವೇದಿಕೆಗೆ ಬರುತ್ತಾನೆ, ಹಾಳೆ ತೆಗೆದುಕೊಳ್ಳುತ್ತಾನೆ, ಫಾದರ್ ಅವನ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಆಮೇಲೆ ಪಲಾವ್, ಕೇಸರಿಬಾತ್.

ಮೊದಲ ವರ್ಷ ನಾನು ಬರೆದುಕೊಂಡು ಹೋದದ್ದರಲ್ಲಿ ಮುಕ್ಕಾಲು ಪಾಲಿಗೆ ನೀಲಿ ಪೆನ್ಸಿಲ್ ಬಿತ್ತು. "'ಸೌಮ್ಯ ಸ್ವಭಾವದ ಬಾಲಕ' ಅಂತ ಒಂಬತ್ತು ಹಾಳೆಯಲ್ಲಿದೆ ಮೇಷ್ಟ್ರೇ. ಒಂಬತ್ತು ಜನಾನೂ ಒಟ್ಟಿಗೆ ಎದ್ದು ಬಂದ್ರೆ ಯಾರಿಗೆ ಕೊಡ್ತೀರಿ?" ಅಂದರು. ಮುಖ ಸಪ್ಪಗೆ ಮಾಡಿಕೊಂಡು ಮತ್ತೆ ಬರೆದೆ.

ಕಲಿತದ್ದು ಹಾಗೆಯೇ. ದಾದಾಪೀರ್ ಎಂಬ ಹುಡುಗನಿದ್ದ. ಅವನ ಕಂಪಾಸ್ ಬಾಕ್ಸಿನಲ್ಲಿ ಕಂಪಾಸ್ ಇರುತ್ತಿರಲಿಲ್ಲ, ಸೈಕಲ್ಲಿನ ಕಡ್ಡಿ, ವಾಲ್ವಿನ ರಬ್ಬರು, ಬೇರಿಂಗಿನ ಎರಡು ಛರ್ರೆ ಗುಂಡು ಇರುತ್ತಿದ್ದವು. 'ಇವನು ವೃತ್ತ ಬರೆಯಲು ಪಕ್ಕದವನ ಕಂಪಾಸ್ ಕೇಳುತ್ತಾನೆ, ಆದರೆ ಮೇಷ್ಟ್ರುಗಳ ಸೈಕಲ್ಲಿನ ಎಲ್ಲ ವೃತ್ತಗಳನ್ನೂ ಇವನೇ ನೆಟ್ಟಗೆ ಮಾಡಿದ್ದಾನೆ' ಎಂದು ಬರೆದೆ. ಸಭಾಂಗಣ ಕಿತ್ತುಹೋಗುವಂತೆ ಅವನ ಹೆಸರು ಕೂಗಿದರು. ಇನ್ನೊಬ್ಬ ಶ್ರೀನಿವಾಸುಲು. ಕನ್ನಡದಲ್ಲಿ ಉತ್ತರ ಹೇಳುತ್ತಿದ್ದ, ಬೆರಳು ಮಡಿಚಿ ಲೆಕ್ಕ ಮಾಡುವುದು ಮಾತ್ರ ತೆಲುಗಿನಲ್ಲಿ, ಉತ್ತರ ತಪ್ಪಿದರೆ ಬೈದುಕೊಳ್ಳುವುದು ಉರ್ದುವಿನಲ್ಲಿ. 'ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಇವನೊಬ್ಬನನ್ನು ನಿಲ್ಲಿಸಿದರೆ ಮೂರು ಜನ ಬೇಕಾಗುವುದಿಲ್ಲ' ಎಂದು ಬರೆದೆ. ಫಾದರ್ ಪೆನ್ಸಿಲ್ ಮುಟ್ಟಲಿಲ್ಲ.

ತಲೆ ತಿರುಗಿದ್ದೂ ಆಗಲೇ. ನಗಿಸುವುದು ಬಂತು ಎಂದ ಮೇಲೆ ಮನುಷ್ಯನಿಗೆ ಹದ ತಪ್ಪುತ್ತದೆ. ಒಬ್ಬ ಹುಡುಗನ ಬಗ್ಗೆ 'ಇವನು ತನ್ನ ಡಬ್ಬಿ ತೆರೆಯುವ ಮೊದಲೇ ಅಕ್ಕಪಕ್ಕದ ಡಬ್ಬಿಗಳು ಖಾಲಿ' ಎಂದು ಬರೆದು ಓದಿದೆ. ಹುಡುಗರು ನಕ್ಕರು. ಹಿಂದಿನ ಸಾಲಿನಿಂದ ಅವನ ತಾಯಿ ಎದ್ದು ನಿಂತರು. ಮನೆಗೆಲಸಕ್ಕೆ ಹೋಗಿ ಅವನನ್ನು ಓದಿಸುತ್ತಿದ್ದ ಹೆಣ್ಣುಮಗಳು.

"ನಮ್ ಹುಡುಗ ಮಂದಿ ಹತ್ರ ಉಣ್ಣಾಕ ಕೇಳ್ತಾನೇನ್ರಿ ಸರ್?" ಎಂದು ಕೇಳಿದರು.

ಹುಡುಗನೇ "ಇಲ್ಲವ್ವಾ, ಅವರ ಕೊಡ್ತಾರ. ನಿನ್ನ ಚಟ್ನಿ ನಾನೂ ಕೊಡ್ತೀನಿ" ಎಂದು ಸಮಾಧಾನ ಮಾಡಿದ. ಊಟ, ಬಟ್ಟೆ, ಮೈಬಣ್ಣ, ಮನೆತನ, ಇವುಗಳ ಹತ್ತಿರ ತಮಾಷೆಗೆ ಹೋಗಬೇಡಿ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ನಿಮಗೆ ನಾನು ಹೇಳುತ್ತಿದ್ದೇನೆ.

ಕೆಲಸದ ರೀತಿ ಆಮೇಲೆ ಬಹಳ ಬದಲಾಯಿತು. ಮೊದಲು ಶಾಯಿ ಪೆನ್ನಿನಲ್ಲಿ ದಪ್ಪ ಹಾಳೆಯ ಮೇಲೆ ಬರೆಯುತ್ತಿದ್ದೆ. ನಂತರ ಡಿ.ಟಿ.ಪಿ. ಅಂಗಡಿಯಲ್ಲಿ ಕೂತು ಹೇಳಿ ಬರೆಸಿದೆ. ಅಂಗಡಿಯವನು ನನ್ನ ಸಾಲುಗಳನ್ನು ತಾನೇ 'ಚೆಂದ' ಮಾಡಿ, ಸುತ್ತ ಹೂವಿನ ಅಂಚು ಹಾಕಿಕೊಡುತ್ತಿದ್ದ. ಈಗ ಫೋನಿಗೆ ಹೆಸರು, ಊರು ಹೇಳಿದರೆ ಅದೇ ಬರೆದುಕೊಡುತ್ತದಂತೆ. ಕೊಡಲಿ. ಏನೇ ಬದಲಾದರೂ ಬರೆದ ಪ್ರತಿಯೊಂದನ್ನೂ ನಾನು ಒಂದು ನೋಟ್‌ಬುಕ್ಕಿನಲ್ಲಿ ನಕಲು ಮಾಡಿಟ್ಟುಕೊಳ್ಳುತ್ತಿದ್ದೆ. ಶಬಾನಾ ಮೇಡಂ ಕೇಳುತ್ತಿರುವುದು ಆ ನೋಟ್‌ಬುಕ್ಕುಗಳನ್ನೇ. ನನ್ನನ್ನು ಹಾಳುಮಾಡಿದ್ದೂ ಅವೇ.

ಹೆಸರು ಬದಲಾಯಿಸಿ ಓದಿದ ಆ ವರ್ಷ ತರಗತಿಯಲ್ಲಿ ಐವತ್ತೆರಡು ಹುಡುಗರಿದ್ದರು. ಬೀಳ್ಕೊಡುಗೆಯ ಹಿಂದಿನ ದಿನಕ್ಕೆ ಐವತ್ತೊಂದು ಹಾಳೆ ಸಿದ್ಧವಾಗಿದ್ದವು. ಉಳಿದವನು ಎರ್ರಿಸ್ವಾಮಿ. ಹಾಸ್ಟೆಲ್ ಹುಡುಗ, ಸಿರುಗುಪ್ಪ ತಾಲೂಕು, ಹಚ್ಚೊಳ್ಳಿ. ಮೂರು ವರ್ಷ ನನ್ನ ಕ್ಲಾಸಿನಲ್ಲಿ, ಕಿಟಕಿಯ ಪಕ್ಕದ ಮೂರನೇ ಬೆಂಚಿನಲ್ಲಿ ಕೂತಿದ್ದ. ಅವನ ಬಗ್ಗೆ ಬರೆಯಲು ಪೆನ್ನು ಹಿಡಿದು ಕೂತರೆ ಕಿಟಕಿ ನೆನಪಾಗುತ್ತಿತ್ತು, ಬೆಂಚು ನೆನಪಾಗುತ್ತಿತ್ತು, ಹುಡುಗ ನೆನಪಾಗುತ್ತಿರಲಿಲ್ಲ. ಕೆಲಸ ಬಹಳವಿತ್ತು, ವಿಶೇಷ ತರಗತಿಗಳಿದ್ದವು ಎಂದು ನೆಪ ಹೇಳಬಹುದು. ಅದು ಸುಳ್ಳು. ಮೂರು ವರ್ಷ ಎದುರಿಗಿದ್ದ ಹುಡುಗನನ್ನು ನಾನು ನೋಡಿಯೇ ಇರಲಿಲ್ಲ.

ನೋಟ್‌ಬುಕ್ ತಿರುವಿದೆ. ಏಳು ವರ್ಷ ಹಿಂದಿನ ಒಂದು ಪುಟ ಸಿಕ್ಕಿತು. ಮಲ್ಲಿಕಾರ್ಜುನ ಎಂಬ ಹುಡುಗ, ದೇಶನೂರು. ಅದೂ ಸಿರುಗುಪ್ಪ ತಾಲೂಕೇ, ಅಲ್ಲೂ ಕಾಲುವೆ ನೀರು, ಭತ್ತ. 'ಸೋಮವಾರ ಊರಿಂದ ಬಂದಾಗ ಇವನ ಪ್ಯಾಂಟಿನ ಅಂಚಿಗೆ ಗದ್ದೆಯ ಕೆಸರು ಒಣಗಿ ಹತ್ತಿರುತ್ತದೆ. ಬೆಂಚಿನ ಕೆಳಗೆ ಅದನ್ನು ಉದುರಿಸಿ ನಮಗೂ ಸ್ವಲ್ಪ ದೇಶನೂರು ಹಂಚುತ್ತಾನೆ. ಉತ್ತರ ಗೊತ್ತಿಲ್ಲದಿದ್ದರೂ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಾನೆ, ಎದ್ದು ನಿಂತ ಮೇಲೆ ಯೋಚಿಸಲು ಶುರುಮಾಡುತ್ತಾನೆ.' ದೇಶನೂರು ತೆಗೆದು ಹಚ್ಚೊಳ್ಳಿ ಹಾಕಿದೆ. ಕೈ ಎತ್ತುವ ಸಾಲು ತೆಗೆದು 'ಹೆಚ್ಚು ಮಾತಾಡುವವನಲ್ಲ' ಎಂದು ಸೇರಿಸಿದೆ. ಫಾದರ್ ಆ ದಿನ ಬೇರೆ ಓಡಾಟದಲ್ಲಿದ್ದರು, ಹಾಳೆಯ ಮೇಲೆ ಸುಮ್ಮನೆ ಕಣ್ಣಾಡಿಸಿದರು. ಭತ್ತದ ಸೀಮೆಯ ಹುಡುಗನಿಗೆ ಕೆಸರು ಹತ್ತಿರದೆ ಇರುತ್ತದೆಯೇ ಎಂದು ನಾನು ಧೈರ್ಯ ಹೇಳಿಕೊಂಡೆ.

ಮರುದಿನ ಸುಮಾರು ಅರ್ಧದಷ್ಟು ಹುಡುಗರ ಹಾಳೆ ಮುಗಿದ ಮೇಲೆ ಅದು ಬಂತು. ಓದಿದೆ. ಮೊದಲ ಸಾಲು ಮುಗಿಯಿತು, ಎರಡನೆಯದೂ ಮುಗಿಯಿತು. ಯಾರೂ ಕೂಗಲಿಲ್ಲ. ಹಚ್ಚೊಳ್ಳಿ ಎಂಬ ಊರು ಕೇಳಿದ ಮೇಲೂ ಕೂಗಲಿಲ್ಲ. ಆ ವರ್ಷ ಹಚ್ಚೊಳ್ಳಿಯವರು ಮೂವರಿದ್ದರು, ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಓದಿದೆ.

ಆಗ ಹಿಂದಿನಿಂದ ಒಬ್ಬ ರೈತ, ಹೆಗಲ ಮೇಲೆ ಟವೆಲ್ಲು, ಖುಷಿಯಿಂದ ಎದ್ದು ನಿಂತ.

"ಮಲ್ಲಿ! ಇದು ನಮ್ ಮಲ್ಲಿಕಾರ್ಜುನಂದ್ರಿ ಮೇಷ್ಟ್ರ! ಮನ್ಯಾಗ ಗ್ವಾಡಿಗೆ ಹಾಕೀವಲ್ರಿ, ನನಗ ಬಾಯಿಪಾಠ ಐತಿ!" ಅಂದ. ಆಮೇಲೆ ನನಗೆ ಸಹಾಯ ಮಾಡುವವನಂತೆ, "ಊರ ಹೆಸರು ಒಂದ ತಪ್ಪೈತ್ರಿ. ದೇಶನೂರು ಆಗಬೇಕು" ಎಂದ.

ಸಭಾಂಗಣ ಗೊಳ್ಳೆಂದಿತು. ನಾನು ಹಾಳೆ ಹಿಡಿದುಕೊಂಡು ಕಂಬದಂತೆ ನಿಂತೆ. ಆ ನಗುವಿನ ನಡುವೆ ಕಿಟಕಿಯ ಕಡೆಯಿಂದ ಎರ್ರಿಸ್ವಾಮಿ ತಾನೇ ಎದ್ದು ಬಂದ. ನನ್ನ ಕೈಯಿಂದ ಹಾಳೆ ತೆಗೆದುಕೊಂಡ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ, ಫಾದರ್ ಮುಂದೆ ತಲೆ ಬಗ್ಗಿಸಿದ, ಹೋಗಿ ಕೂತ. ಆಮೇಲೆ ತಿಳಿಯಿತು, ಆ ರೈತ ಎರ್ರಿಸ್ವಾಮಿಯ ತಂದೆ, ಮಲ್ಲಿಕಾರ್ಜುನ ಅವನ ಸ್ವಂತ ಅಣ್ಣ. ಸೋದರಮಾವನಿಗೆ ಗಂಡುಮಕ್ಕಳಿಲ್ಲವೆಂದು ಇವನನ್ನು ಚಿಕ್ಕಂದಿನಲ್ಲೇ ಹಚ್ಚೊಳ್ಳಿಗೆ ಕಳಿಸಿದ್ದರು. ನಮ್ಮ ದಾಖಲೆಯಲ್ಲಿ ಇದ್ದದ್ದು ಮಾವನ ಊರು, ಮಾವನ ವಿಳಾಸ.

ಸಂಜೆ ಫಾದರ್ ಕರೆದರು. ಬೈಯುತ್ತಾರೆಂದುಕೊಂಡು ಹೋದೆ. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ನಾನೂ ಸರಿಯಾಗಿ ಓದಲಿಲ್ಲ, ನನ್ನದೂ ತಪ್ಪಿದೆ. ನಮ್ಮವರಾಗಿದ್ರೆ ನಿಮ್ಮನ್ನ ಪಾಪನಿವೇದನೆಗೆ ಕೂರಿಸ್ತಿದ್ದೆ. ನಮ್ಮವರಲ್ಲವಲ್ಲ, ಅದಕ್ಕೇ ಬೇರೆ ಶಿಕ್ಷೆ. ಆ ಹುಡುಗನನ್ನ ನೋಡಿ. ನೋಡಿ ಬರೀರಿ" ಅಂದರು.

ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ಹಾಸ್ಟೆಲ್ ಹುಡುಗರು ಊರಿಗೆ ಹೋಗುವಂತಿರಲಿಲ್ಲ, ಓದಿಕೊಂಡು ಕೂತಿದ್ದರು. ನಾನು ದಿನಾ ಹೋಗಿ ಎರ್ರಿಸ್ವಾಮಿಯನ್ನು ದುರುಗುಟ್ಟಿ ನೋಡಿದೆ. ಪಾಪ, ಅವನು ಇನ್ನಷ್ಟು ಮುದುಡಿಕೊಂಡ. ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತಾ ಕೂರುವ ಚಟವೊಂದಿತ್ತು ಅವನಿಗೆ, ಅದು ಹೆಚ್ಚಾಯಿತು. ಅದಕ್ಕೆ ಹಿಂದೆ ಎಷ್ಟೋ ಸಲ "ಏನಲೇ, ರೊಕ್ಕ ಎಣಸಾಕತ್ತೀಯೇನು?" ಎಂದು ಗದರಿದ್ದೆ. ಪರೀಕ್ಷೆ ಮುಗಿಯಿತು, ಹುಡುಗರು ಟ್ರಂಕು ಹೊತ್ತುಕೊಂಡು ಹೋದರು. ನನ್ನ ಹಾಳೆ ಖಾಲಿಯೇ ಇತ್ತು.

ಏಪ್ರಿಲ್ಲಿನ ಬಿಸಿಲಿನಲ್ಲಿ ದೇಶನೂರಿಗೆ ಹೋದೆ. ತಂದೆ ನನ್ನನ್ನು ಬಾಗಿಲಲ್ಲೇ ಗುರುತು ಹಿಡಿದ. "ಬರ್ರಿ ಮೇಷ್ಟ್ರ, ಒಳಗ ಬರ್ರಿ, ಬಿಸಲು ಭಾಳ ಐತಿ" ಎಂದು ಕರೆದು ಮಜ್ಜಿಗೆ ಕೊಡಿಸಿದ. ಎದುರು ಗೋಡೆಯ ಮೇಲೆ ಕಟ್ಟು ಹಾಕಿಸಿದ ಮಲ್ಲಿಕಾರ್ಜುನನ ಹಾಳೆ. ನನ್ನದೇ ಅಕ್ಷರ. ಅದರ ಪಕ್ಕದಲ್ಲಿ ಅಷ್ಟೇ ಎತ್ತರದಲ್ಲಿ ಒಂದು ಹೊಸ ಮೊಳೆ, ಖಾಲಿ.

ನಾನು ಅದನ್ನೇ ನೋಡುತ್ತಿದ್ದುದನ್ನು ನೋಡಿ ತಂದೆ ಸಂಕೋಚಪಟ್ಟ. "ಬೀಳ್ಕೊಡುಗಿ ಹಿಂದಿನ ದಿನ ಹೊಡದಿದ್ನಿರಿ. ಹಾಳಿಗೆ ಕಟ್ಟು ಹಾಕಿಸೋಣು ಅಂದ್ರ ಹುಡುಗ ಒಲ್ಲೆ ಅಂದ. ಇದು ಅಣ್ಣಂದು, ನಂದಲ್ಲ ಅಂದ. ಖರೇ ಐತಲ್ರಿ ಅದು."

"ನಿಮ್ಮ ಸಣ್ಣ ಮಗ ಎಂಥಾವ ಅಂತ ನೀವು ಹೇಳ್ರಿ, ನಾ ಬರೀತೀನಿ" ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗಲೂ ನಾನು ನೋಡುವ ಕಷ್ಟ ತಪ್ಪಿಸಿಕೊಳ್ಳಲು ನೋಡುತ್ತಿದ್ದೆ.

ತಂದೆ ಬಹಳ ಹೊತ್ತು ಯೋಚಿಸಿದ. "ಚಲೋ ಹುಡುಗ್ರಿ" ಎಂದ. ಮತ್ತೆ ಯೋಚಿಸಿದ. "ಸಣ್ಣಾವಿದ್ದಾಗ ಕೊಟ್ಟಬಿಟ್ವಿ ನೋಡ್ರಿ, ಹಬ್ಬಕ್ಕ ಬರ್ತಾನ, ಹೋಗ್ತಾನ. ಏನ್ ಹೇಳ್ಲಿ ನಾನು?" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮಗನ ಬಗ್ಗೆ ನಾಲ್ಕು ಮಾತು ಅವನಿಗೂ ಗೊತ್ತಿರಲಿಲ್ಲ. ಅವನು ಆ ಮೊಳೆ ಹೊಡೆದದ್ದು ನನ್ನನ್ನು ನಂಬಿ.

ಸಿರುಗುಪ್ಪಕ್ಕೆ ವಾಪಸ್ಸು ಬಂದು ಹಚ್ಚೊಳ್ಳಿ ಬಸ್ಸು ಹತ್ತಿದೆ. ಮಾವನ ಮನೆ ಕೇಳಿದರೆ ಅವರ ಗಿರಣಿಗೆ ಕಳಿಸಿದರು. ಹಿಟ್ಟಿನ ಗಿರಣಿ, ಒಂದು ಉದ್ದನೆಯ ಕೋಣೆ, ಬೆಲ್ಟಿನ ಸದ್ದು, ಒಳಗೆಲ್ಲ ಬಿಳಿ ಧೂಳು. ಎರ್ರಿಸ್ವಾಮಿ ತಲೆಗೆ ಬಟ್ಟೆ ಸುತ್ತಿಕೊಂಡು ಯಂತ್ರದ ಮುಂದೆ ನಿಂತಿದ್ದ. ನನ್ನನ್ನು ನೋಡಿ ಗಾಬರಿಯೇನೂ ಆಗಲಿಲ್ಲ.

"ನಮಸ್ಕಾರ್ರಿ ಸರ್. ಪಾಳಿ ಐತ್ರಿ, ಕುಂದ್ರಿ" ಎಂದು ಕಟ್ಟೆ ತೋರಿಸಿದ.

ಜೋಳದ ಡಬ್ಬಿ, ಚೀಲ ಹಿಡಿದ ಹೆಂಗಸರ ಸಾಲಿನಲ್ಲಿ ನಾನೂ ಕೂತೆ. ಕೆಲವರು ಡಬ್ಬಿಯಿಟ್ಟು ಹೋಗಿಬಿಡುತ್ತಿದ್ದರು. ಯಾವುದಕ್ಕೂ ಚೀಟಿಯಿಲ್ಲ, ಗುರುತಿಲ್ಲ. ಅವನು ಒಂದೊಂದನ್ನೂ ಸುರಿಯುತ್ತಾನೆ, ಹಿಟ್ಟು ಇಳಿಯತೊಡಗಿದಾಗ ಕೈಯೊಡ್ಡಿ ಒಂದು ಚಿಟಿಕೆ ಹಿಡಿಯುತ್ತಾನೆ, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಾನೆ, ಕಲ್ಲನ್ನು ಒಂದಿಷ್ಟು ಬಿಗಿಮಾಡುತ್ತಾನೆ ಇಲ್ಲವೇ ಸಡಿಲಿಸುತ್ತಾನೆ. ನಾನು ಆ ಬೆರಳನ್ನೇ ನೋಡುತ್ತಾ ಕೂತೆ. ರೊಕ್ಕ ಎಣಿಸುತ್ತೀಯೇನು ಎಂದು ನಾನು ಗದರಿದ್ದು ಆ ಬೆರಳಿಗೆ.

ಹುಸೇನಮ್ಮ ಎಂಬ ಮುದುಕಿ ತನ್ನ ಡಬ್ಬಿ ತೆಗೆದುಕೊಳ್ಳಲು ಬಂದಳು. "ನುಣ್ಣಗ ಹಾಕೀಯಿಲ್ಲೋ ಎರ್ರಿ?"

"ನಿನಗ ಹಲ್ಲಿಲ್ಲಂತ ಗೊತ್ತೈತಿ ತಗೊ ಅಜ್ಜಿ. ನುಣ್ಣಗ ಐತಿ. ನಿನ್ನ ಸೊಸಿ ಬಂದ್ರ ದಪ್ಪ ಹಾಕಂತಾಳ, ಅದಕ್ಕ ನೀನ ಬಾ ಅಂದಿದ್ನಿ."

ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. ನಾನು ಬೆಪ್ಪಾಗಿ ಕೇಳುತ್ತಿದ್ದೆ. ಹೆಚ್ಚು ಮಾತಾಡುವವನಲ್ಲ ಎಂದು ಬರೆದಿದ್ದೆನಲ್ಲ! ಯಂತ್ರದ ಸದ್ದಿನ ಮೇಲೆ ಅವನು ಊರಿನ ಅರ್ಧ ಜನರ ಜೊತೆ ಮಾತಾಡುತ್ತಿದ್ದ. ಯಾರ ಮನೆಗೆ ಬಸುರಿ ಮಗಳು ಬಂದಿದ್ದಾಳೆ, ಯಾರಿಗೆ ಗಂಜಿಗೆ ನುಚ್ಚು ಬೇಕು, ಎಲ್ಲ ಅವನಿಗೆ ಗೊತ್ತಿತ್ತು.

ಪಾಳಿ ಮುಗಿದು ಬೆಲ್ಟು ನಿಂತಿತು. ಅವನು ತಲೆಯ ಬಟ್ಟೆ ಬಿಚ್ಚಿ ಝಾಡಿಸಿದ. ಕಿವಿಯ ಹಿಂದೆ ಬಿಳಿ ಪುಡಿ ಗೆರೆಯಾಗಿ ಕೂತಿತ್ತು. ಅದನ್ನು ನೋಡಿದ ತಕ್ಷಣ ನನಗೆ ಮೂರು ವರ್ಷದ ಸೋಮವಾರಗಳು ನೆನಪಾದವು. ಊರಿಂದ ಮೊದಲ ಬಸ್ಸಿಗೆ ಬಂದ ಹುಡುಗ, ಕಿವಿಯ ಹಿಂದೆ ಅದೇ ಬಿಳಿ. "ಪೌಡರ್ ಜಾಸ್ತಿ ಆಗೈತಲ್ಲೋ ಮದುಮಗ" ಎಂದು ನಾನು ಎರಡು ಮೂರು ಸಲ ತಮಾಷೆ ಮಾಡಿದ್ದೆ. ಹುಡುಗರು ನಕ್ಕಿದ್ದರು. ಅವನು ಕರ್ಚೀಫಿನಿಂದ ಒರೆಸಿಕೊಂಡು ಕೂತಿದ್ದ. ನೋಡಿದ್ದೆ, ಆದರೆ ಏನೆಂದು ಕೇಳಿರಲಿಲ್ಲ.

"ನನ್ನಿಂದ ತಪ್ಪಾತಪ್ಪಾ ಎರ್ರಿಸ್ವಾಮಿ" ಎಂದೆ.

"ಇರ್ಲಿ ಬಿಡ್ರಿ ಸರ್." ಸ್ವಲ್ಪ ಹೊತ್ತು ಬೆರಳು ಉಜ್ಜಿಕೊಂಡ. "ಅಣ್ಣಂದು ಬರದ್ರಿ ಅಂತ ಬ್ಯಾಸರಿಲ್ರಿ. ಎಲ್ಲಾರ ಹೆಸರೂ ಕೂಗಿದ್ರು. ನನ್ನ ಹೆಸರು ಯಾರೂ ಕೂಗಲಿಲ್ಲಲ್ರಿ, ಅದೊಂದ."

ಹಚ್ಚೊಳ್ಳಿಯಿಂದ ಕುರುಗೋಡು ಮುಟ್ಟುವವರೆಗೂ ಬಸ್ಸಿನಲ್ಲಿ ಅದೇ ಮಾತು ಕಿವಿಯಲ್ಲಿತ್ತು, ಕಣ್ಣು ತುಂಬಿಕೊಳ್ಳುತ್ತಿತ್ತು. ಪಕ್ಕದವರು ಬಿಸಿಲಿಗೆ ಎಂದುಕೊಂಡಿರಬೇಕು.

ಹಾಳೆ ಬರೆದು ಫಾದರ್ ಕೈಗೆ ಕೊಟ್ಟೆ. ಅವರು ನೀಲಿ ಪೆನ್ಸಿಲ್ ತೆಗೆದರು, ಓದಿದರು, ಪೆನ್ಸಿಲನ್ನು ಹಾಗೆಯೇ ಜೇಬಿಗೆ ಹಾಕಿಕೊಂಡರು. "ನಾನೂ ಬರ್ತೀನಿ. ತಲೆ ಮೇಲೆ ಕೈ ಇಡೋಕೆ ಒಬ್ಬರು ಬೇಕಲ್ಲ" ಅಂದರು.

ಮುಂದಿನ ಭಾನುವಾರ ಚರ್ಚಿನ ಪೂಜೆ ಮುಗಿಸಿ ಫಾದರ್, ನಾನು, ಇಬ್ಬರೂ ಬಸ್ಸಿನಲ್ಲಿ ದೇಶನೂರಿಗೆ ಹೋದೆವು. ಮೊದಲೇ ಹೇಳಿ ಕಳಿಸಿದ್ದರಿಂದ ಎರ್ರಿಸ್ವಾಮಿಯೂ ಮಾವನೂ ಗಿರಣಿ ನಿಲ್ಲಿಸಿ ನೇರವಾಗಿ ಬಂದಿದ್ದರು. ಅಣ್ಣ ಮಲ್ಲಿಕಾರ್ಜುನ ಗದ್ದೆಯಿಂದ ಬಂದಿದ್ದ. ನಿಲುವಂಗಿಯವರನ್ನು ನೋಡಲು ಅಕ್ಕಪಕ್ಕದವರೂ ಅಂಗಳದಲ್ಲಿ ಸೇರಿದರು. ತಂದೆ ಫಾದರಿಗೆ ಕುರ್ಚಿ ಹಾಕಿದ. ಎರ್ರಿಸ್ವಾಮಿ ಎಲ್ಲರ ಹಿಂದೆ ಬಾಗಿಲಿಗೆ ಒರಗಿ ನಿಂತ. ಯಾರೂ ಹೆಸರು ಕೂಗದಿದ್ದರೆ? ತಂದೆಗೇ ಗೊತ್ತಾಗದಿದ್ದರೆ? ಹೆಸರು ಮುಚ್ಚಿಟ್ಟು ಓದಿದೆ.

'ಸೋಮವಾರ ಬೆಳಿಗ್ಗೆ ಇವನ ಕಿವಿಯ ಹಿಂದೆ ಬಿಳಿ ಪುಡಿ ಇರುತ್ತದೆ. ಮೂರು ವರ್ಷ ನಾನು ಅದನ್ನು ಪೌಡರ್ ಎಂದು ತಿಳಿದು ನಕ್ಕೆ, ಇವನು ನನ್ನನ್ನು ತಿದ್ದಲಿಲ್ಲ. ಅದು ಜೋಳದ ಹಿಟ್ಟು.'

ಮಲ್ಲಿಕಾರ್ಜುನನ ಕೈ ಥಟ್ಟನೆ ಮೇಲೆ ಹೋಯಿತು. ಏಳು ವರ್ಷವಾದರೂ ಅವನ ಚಟ ಹೋಗಿರಲಿಲ್ಲ. ತಂದೆ ಆ ಕೈಯನ್ನು ಹಿಡಿದು ಕೆಳಗೆಳೆದ. "ನೀ ಸುಮ್ಕಿರಲೇ" ಎಂದ. ಅವನ ಕಣ್ಣು ನನ್ನ ಹಾಳೆಯ ಮೇಲೆಯೇ ಇತ್ತು.

'ಯಾವ ಮನೆಯ ರೊಟ್ಟಿಗೆ ಹಿಟ್ಟು ಎಷ್ಟು ನುಣ್ಣಗಿರಬೇಕು ಎಂದು ಇವನ ಹೆಬ್ಬೆರಳಿಗೆ ಗೊತ್ತು. ಚೀಟಿಯಿಲ್ಲದೆ ಇಡೀ ಊರಿನ ಡಬ್ಬಿಗಳ ಗುರುತಿದೆ, ಡಬ್ಬಿಯ ಹಿಂದಿನ ಮನುಷ್ಯರ ಗುರುತೂ ಇದೆ. ಮೂರು ವರ್ಷ ನನ್ನನ್ನೂ ಆ ಬೆರಳಿನಲ್ಲಿ ಉಜ್ಜಿ ನೋಡಿರಬೇಕು. ತರಿ ಉಳಿದಿದೆ ಎಂದು ಮರ್ಯಾದೆಗೆ ಹೇಳಲಿಲ್ಲ...'

"ಎರ್ರಿ!" ತಂದೆ ಕೂಗಿದ. ಸಭಾಂಗಣದಲ್ಲಿ ಕೂಗಿದ್ದಕ್ಕಿಂತ ಜೋರಾಗಿ ಕೂಗಿದ. "ಇವ ನಮ್ಮ ಎರ್ರಿಸ್ವಾಮಿರಿ! ನಮ್ಮ ಎರ್ರಿ! ಬೆರಳು ಹಿಂಗ ಮಾಡ್ತಾನ ನೋಡ್ರಿ, ಹಬ್ಬಕ್ಕ ಬಂದಾಗೂ ಕುಂತು ಹಿಂಗ ಮಾಡ್ತಿರ್ತಾನ!" ಎಂದು ತನ್ನ ಬೆರಳು ಉಜ್ಜಿ ಎಲ್ಲರಿಗೂ ತೋರಿಸಿದ. ಮಾವ ಕೂಗಿದ, ಅಣ್ಣ ಕೂಗಿದ, ಅಂಗಳದಲ್ಲಿದ್ದ ಚಿಕ್ಕ ಮಕ್ಕಳು ಸುಮ್ಮನೆ ಗದ್ದಲಕ್ಕೆ ಸೇರಿಕೊಂಡು ಎರ್ರಿಸ್ವಾಮಿ, ಎರ್ರಿಸ್ವಾಮಿ ಎಂದು ಕೂಗಿದರು.

ಅವನು ಬಾಗಿಲಿನಿಂದ ಬಂದು ಹಾಳೆ ತೆಗೆದುಕೊಂಡ. ಈ ಸಲ ಮಡಿಚಲಿಲ್ಲ, ಎರಡು ಕೈಯಲ್ಲಿ ಹಿಡಿದುಕೊಂಡ. ಫಾದರ್ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಕೈ ತೆಗೆದಾಗ ಅಂಗೈ ಬೆಳ್ಳಗಾಗಿತ್ತು. ಅದನ್ನು ನನಗೆ ತೋರಿಸಿ, "ನೋಡಿ ಮೇಷ್ಟ್ರೇ, ಪೌಡರ್" ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಎರ್ರಿಸ್ವಾಮಿ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶಬಾನಾ ಮೇಡಂ, ನೋಟ್‌ಬುಕ್ಕುಗಳನ್ನು ನಿಮಗೆ ಕೊಡುವುದಿಲ್ಲ. ಸಿಟ್ಟು ಮಾಡಿಕೊಳ್ಳಬೇಡಿ. ಬೀಳ್ಕೊಡುಗೆಗೆ ಇನ್ನೂ ಮೂರು ವಾರ ಇದೆ. ಅಂದರೆ ಮೂರು ಸೋಮವಾರ. ಮೊದಲ ಬಸ್ಸುಗಳು ಬರುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಂತುಕೊಳ್ಳಿ.